ಬೆರಳು ಮುಗಿದರೂ ಬಾಯಿ ಮುಗಿಯಲಿಲ್ಲ

ಕಮಲಾಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ದಿನದ ಮೊದಲ ಚಹಾ ಇನ್ನೂ ಕುದಿಯುತ್ತಿದೆ. ಬಾಳೆಗೊನೆ ತುಂಬಿದ ಟ್ರ್ಯಾಕ್ಟರೊಂದು ದೀಪ ಹಾಕಿಕೊಂಡೇ ಹೊಸಪೇಟೆಯ ಕಡೆ ಹೋಗುತ್ತದೆ. ಅಷ್ಟು ಹೊತ್ತಿಗಾಗಲೇ ಸರ್ಕಾರಿ ಶಾಲೆಯ ಗೇಟಿನ ಮುಂದೆ ರೇಣುಕಮ್ಮನವರು ಬೀಗದ ಜೊತೆ ಗುದ್ದಾಡುತ್ತಿದ್ದಾರೆ. ಚಳಿಗಾಲ ಬಂತೆಂದರೆ ಈ ಬೀಗ ಮೊಂಡು ಹಿಡಿಯುತ್ತದೆ. ಕೀಲಿಕೈಗೆ ಒಂಚೂರು ಕೊಬ್ಬರಿ ಎಣ್ಣೆ ಸವರಿ ತಿರುಗಿಸಿದರಷ್ಟೇ ಬಾಯಿ ಬಿಡುತ್ತದೆ. ಅದಕ್ಕೆಂದೇ ಎಣ್ಣೆಯ ಪುಟ್ಟ ಡಬ್ಬಿ ಅವರ ಚೀಲದಲ್ಲಿ ಕಾಯಂ ಇರುತ್ತದೆ.

ಸರ್ಕಾರದ ಲೆಕ್ಕದಲ್ಲಿ ಅವರು ಅತಿಥಿ ಶಿಕ್ಷಕಿ. ಹೆಸರಿಗಷ್ಟೇ ಅತಿಥಿ, ಗೇಟು ತೆಗೆಯುವುದು, ಪಡಸಾಲೆ ಗುಡಿಸುವುದು, ಮಕ್ಕಳ ಮೂಗು ಒರೆಸುವುದು, ಮನೆಯವರು ಮಾಡುವ ಕೆಲಸವೆಲ್ಲ ಅವರ ಪಾಲಿಗೇ ಬಂದಿದೆ. ಶಾಲೆಯ ಗಂಟೆ ಹೊಡೆಯುವುದಕ್ಕೆ ಬಹಳ ಮುಂಚೆ ಅವರು ಇಲ್ಲೊಂದು ತರಗತಿ ನಡೆಸುತ್ತಾರೆ. ಅದಕ್ಕೆ ಯಾವ ಆದೇಶವೂ ಇಲ್ಲ, ಯಾವ ವೇಳಾಪಟ್ಟಿಯಲ್ಲೂ ಅದು ಕಾಣುವುದಿಲ್ಲ. ಐದನೆಯ, ಆರನೆಯ ತರಗತಿಗೆ ಬಂದರೂ ಓದಲು ಬಾರದ ಮಕ್ಕಳಿಗೆ ಓದು ಹತ್ತಿಸುವುದೊಂದೇ ಅದರ ಕೆಲಸ.

ಒಬ್ಬೊಬ್ಬರಾಗಿ ಮಕ್ಕಳು ಬರುತ್ತಾರೆ. ಬಂದವರು ಸಾಲಾಗಿ ಕೂರುವುದಿಲ್ಲ. ಒಬ್ಬ ಪಡಸಾಲೆಯ ಈ ತುದಿಗೆ, ಇನ್ನೊಬ್ಬಳು ಆ ತುದಿಗೆ, ಮತ್ತೊಬ್ಬ ನೀರಿನ ಟ್ಯಾಂಕಿನ ಪಕ್ಕ. "ಒಬ್ಬರ ಓದು ಇನ್ನೊಬ್ಬರ ಕಿವಿಗೆ ಬೀಳಬಾರದ್ರಿ. ಬಿತ್ತಂದ್ರ ಕಣ್ಣು ಕೆಲಸ ಬಿಡತೈತಿ, ಕಿವಿನೇ ಎಲ್ಲಾ ಮಾಡತೈತಿ," ಎಂದು ತಮ್ಮ ಕೆಲಸ ನೋಡಲು ಬಂದ ಪತ್ರಿಕೆಯವನಿಗೆ ಹೇಳುತ್ತಾರೆ ರೇಣುಕಮ್ಮ.

ಎಲ್ಲರಿಗಿಂತ ಕಡೆಗೆ ಬರುವವಳು ತುಳಸಿ. ಆರನೆಯ ತರಗತಿಯ ಹುಡುಗಿ. ಎರಡು ಜಡೆ, ಮೊಣಕೈ ಹತ್ತಿರ ಹೊಲಿಗೆ ಹಾಕಿದ ಸ್ವೆಟರು. ಕಂಬದ ಹಿಂದೆ ಹೋಗಿ ಕೂತು, ಟೀಚರ್ ಕೊಟ್ಟ ಕಾರ್ಡನ್ನು ತೊಡೆಯ ಮೇಲೆ ಬೋರಲು ಹಾಕಿಕೊಳ್ಳುತ್ತಾಳೆ.

"ಓದವ್ವ."

"ಒಲ್ಲೆ ಟೀಚರ್."

"ಒಂದೇ ಸಾಲು."

ತಲೆ ಎತ್ತುವುದಿಲ್ಲ. ಇವತ್ತು ಬುಧವಾರ. ಶುಕ್ರವಾರ ಸುತ್ತಲಿನ ಶಾಲೆಗಳ ಕ್ಲಸ್ಟರಿನಿಂದ ಭರಮಣ್ಣ ಸರ್ ಮಕ್ಕಳ ಓದು ಕೇಳಲು ಬರುತ್ತಾರೆ. ಅದೇ ಹೊತ್ತಿಗೆ ತುಳಸಿಯ ಅಪ್ಪ ಹೊನ್ನೂರುಸ್ವಾಮಿಯೂ ಬಂದು ಕೂರುತ್ತಾರೆ. ಹಾಗಂತ ಅವರು ಸೋಮವಾರ ಇದೇ ಗೇಟಿನ ಮುಂದೆ ಆಟೋ ನಿಲ್ಲಿಸಿ ಹೇಳಿ ಹೋಗಿದ್ದಾರೆ. ಮಗಳು ಓದಿದರೆ ಶಾಲೆ. ಓದದಿದ್ದರೆ ಬರುವ ಸೋಮವಾರದಿಂದ ಕಡ್ಡಿರಾಂಪುರದ ಹೋಂಸ್ಟೇ. ಅಲ್ಲಿ ಅವಳ ಅವ್ವ ಎರ್ರೆಮ್ಮ ಹಾಸಿಗೆಯ ಬಟ್ಟೆ ಒಗೆಯುತ್ತಾರೆ. ಪ್ರವಾಸಿಗರು ತುಂಬಿರುವ ಸೀಸನ್ನು, ಇನ್ನೆರಡು ಕೈಗೆ ಅಲ್ಲಿ ಕೆಲಸಕ್ಕೆ ಬರವಿಲ್ಲ. ಆರನೆಯ ತರಗತಿಯ ನಡುವೆ ಶಾಲೆ ಬಿಟ್ಟ ಹುಡುಗಿ ತಿರುಗಿ ಬಂದದ್ದನ್ನು ರೇಣುಕಮ್ಮ ಇದುವರೆಗೆ ಕಂಡಿಲ್ಲ.

ಈ ಇಕ್ಕಟ್ಟು ತಂದದ್ದು ತಾನೇ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಹುಡುಗಿದು ತಪ್ಪಿಲ್ರಿ, ಅವರಪ್ಪಂದೂ ತಪ್ಪಿಲ್ಲ. ಮೆಟ್ಟಲಾ ಕಟ್ಟಿದಾಕಿ ನಾನು, ತಪ್ಪು ಕಟ್ಟಿದಾಕೀನೂ ನಾನ."

ಈ ಮೆಟ್ಟಿಲುಗಳ ವಿಚಾರ ತಿಳಿಯದೆ ಅವರ ಕೆಲಸ ತಿಳಿಯುವುದಿಲ್ಲ. ಅವರ ಚೀಲದಲ್ಲಿ ಹಳೆಯ ಮದುವೆ ಕಾರ್ಡುಗಳ ದಪ್ಪನೆಯ ಕಟ್ಟೊಂದಿದೆ. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಮಿಕ್ಕ ಕಾರ್ಡುಗಳು ಅವರಿಗೇ ಬರುತ್ತವೆ. ಮುಂದೆ ಗಣಪತಿ, ಗಂಡು, ಹೆಣ್ಣು, ಮುಹೂರ್ತ, ಹಿಂದೆ ಖಾಲಿ. ಆ ಖಾಲಿ ಬೆನ್ನಿನ ಮೇಲೆ ದುಂಡಗಿನ ಅಕ್ಷರದಲ್ಲಿ ಅವರು ಪಾಠ ಬರೆಯುತ್ತಾರೆ. ಒಂದೇ ಸಂಗತಿಯನ್ನು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಮೊದಲ ಮೆಟ್ಟಿಲಿನ ಕಾರ್ಡಿನಲ್ಲಿ ಒತ್ತಕ್ಷರವಿಲ್ಲ, ಸಾಲಿಗೆ ಮೂರೇ ಮಾತು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಒತ್ತು. ಮೂರನೆಯದರಲ್ಲಿ ಸಾಲು ಉದ್ದವಾಗುತ್ತದೆ. ನಾಲ್ಕನೆಯದು ಹೆಚ್ಚುಕಡಿಮೆ ಪುಸ್ತಕದ ಪಾಠವೇ. ಯಾವ ಮಗು ಯಾವ ಮೆಟ್ಟಿಲಿನ ಮೇಲೆ ನಿಂತಿದೆ ಎಂಬುದು ದಿನದಿನಕ್ಕೂ ಬದಲಾಗುತ್ತದೆ. ಜ್ವರ ಬಂದು ಎದ್ದವನನ್ನು ಒಂದು ಮೆಟ್ಟಿಲು ಇಳಿಸುತ್ತಾರೆ. ಎರಡು ದಿನ ಸರಾಗವಾಗಿ ಓದಿದವಳನ್ನು ಸದ್ದಿಲ್ಲದೆ ಮೇಲಿನದಕ್ಕೆ ದಾಟಿಸುತ್ತಾರೆ.

ವೇಗ ಅಳೆಯಲು ಗಡಿಯಾರವನ್ನು ಅವರು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮಕ್ಕಳು ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಓದಬೇಕು, ಅವರು ಬೆರಳನ್ನೇ ನೋಡುತ್ತಿರುತ್ತಾರೆ. ಬೆರಳು ನಿಂತರೆ ಅಲ್ಲೊಂದು ತೊಡಕಿದೆ ಎಂದರ್ಥ. ಟ್ಯಾಂಕಿನ ಪಕ್ಕದಲ್ಲಿ ಕೂತಿರುವ ಯಲ್ಲೇಶನ ಬೆರಳು ಇವತ್ತು ಆರು ಕಡೆ ನಿಲ್ಲುತ್ತದೆ. ನಾಳೆ ಐದು ಕಡೆ ನಿಂತರೆ ಸಾಕು, ಅದೇ ಅವನ ಗುರಿ. ಆಚೆ ತುದಿಯ ಹುಡುಗಿಯ ಗುರಿ ಬೇರೆ. "ಎಲ್ಲಾರಿಗೂ ಒಂದೇ ಅಳತಿ ಚಪ್ಪಲಿ ತಂದ್ರ ಒಬ್ಬಂದು ಕಚ್ಚತೈತಿ, ಇನ್ನೊಬ್ಬಂದು ಜಾರತೈತಿ," ಎಂದು ಹೇಳಿ, ಯಲ್ಲೇಶನ ಬೆರಳು ನಿಂತ ಮಾತೊಂದನ್ನು ಎರಡು ತುಂಡು ಮಾಡಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಅವನು ಒಂದು ತುಂಡು ಓದುತ್ತಾನೆ, ಇನ್ನೊಂದನ್ನೂ ಓದುತ್ತಾನೆ, ಆಮೇಲೆ ಎರಡನ್ನೂ ಸೇರಿಸಿ ಓದಿ ತಾನೇ ಬೆರಗಾಗುತ್ತಾನೆ.

ರೇಣುಕಮ್ಮ ಹುಟ್ಟಿದ್ದು ಸಂಡೂರಿನ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಗಣಿಯಲ್ಲಿ ಲಾರಿಗೆ ಅದಿರು ತುಂಬುತ್ತಿದ್ದವರು. ಒಗೆದು ಹಾಕಿದ ಬಿಳಿ ಸಮವಸ್ತ್ರ ಒಣಗುವುದರೊಳಗೆ ಕೆಂಪಾಗುತ್ತಿದ್ದ ಊರದು. ಹೊಸಪೇಟೆಯಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿದರು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಜಂಬುನಾಥ್ ಅವರನ್ನು ಮದುವೆಯಾಗಿ ಈ ಕಡೆ ಬಂದರು. ಕಾಯಂ ನೌಕರಿಯ ಪರೀಕ್ಷೆಯಲ್ಲಿ ಎರಡು ಸಲ ಕೂದಲೆಳೆಯಲ್ಲಿ ತಪ್ಪಿತು. ಅಂದಿನಿಂದ ಪ್ರತಿ ಜೂನ್ ತಿಂಗಳೂ ಅವರ ಪಾಲಿಗೆ ಉಸಿರು ಬಿಗಿಹಿಡಿದು ಕೂರುವ ತಿಂಗಳು. ಈ ವರ್ಷ ಕರೆಯುತ್ತಾರೋ ಇಲ್ಲವೋ, ಕರೆದರೆ ಯಾವ ಊರಿಗೋ!

ಮೊದಲು ಕರೆದದ್ದು ಬುಕ್ಕಸಾಗರದ ಕಡೆಯ ಶಾಲೆಗೆ. ಅಲ್ಲಿ ಇಡೀ ತರಗತಿ ಒಟ್ಟಿಗೆ ರಾಗ ಎಳೆದು ಓದುತ್ತಿತ್ತು. ಕೇಳಲು ಚೆಂದ. ಒಂದು ದಿನ ಗಂಟಲು ಕಟ್ಟಿ ಅವರಿಂದ ಮೊದಲ ಸಾಲು ಹೇಳಿಕೊಡಲಾಗಲಿಲ್ಲ. ನೀವೇ ಶುರು ಮಾಡಿ ಎಂದು ಕೈಸನ್ನೆ ಮಾಡಿದರು. ತರಗತಿ ಗಪ್ಪಾಯಿತು. ನಾಲ್ಕೈದು ಮಕ್ಕಳನ್ನು ಬಿಟ್ಟರೆ ಉಳಿದವರಿಗೆ ಮೊದಲ ಅಕ್ಷರವೇ ಗೊತ್ತಿರಲಿಲ್ಲ. "ಗುಂಪಿನಾಗ ಎಲ್ಲಾರ ಬಾಯೂ ಓದತಾವ್ರಿ. ಯಾರ ಕಣ್ಣು ಓದತೈತಿ ಅಂತ ಒಬ್ಬೊಬ್ಬರನ್ನ ಕುಂದ್ರಿಸಿಕೊಂಡ್ರ ಮಾತ್ರ ತಿಳೀತದ." ಬೆಳಗಿನ ಈ ತರಗತಿ ಹುಟ್ಟಿದ್ದು ಆ ದಿನ.

ಇಷ್ಟು ತಿಳಿದವರೇ ತುಳಸಿಯ ವಿಷಯದಲ್ಲಿ ಎಡವಿದರು. ಅದನ್ನು ಹೇಳುವಾಗ ಅವರ ಕೈಯಲ್ಲಿನ ಸೀಮೆಸುಣ್ಣ ಸುಮ್ಮನೆ ನೆಲ ಗೀಚುತ್ತದೆ.

ಜೂನಿನಲ್ಲಿ ತುಳಸಿ ಮೊದಲ ಮೆಟ್ಟಿಲಿನಲ್ಲಿದ್ದಳು. ಅವಳನ್ನು ಮೇಲೆತ್ತಲು ಟೀಚರಿಗೊಂದು ಉಪಾಯ ಹೊಳೆಯಿತು. ಮಕ್ಕಳಿಗೆ ಗೊತ್ತಿರುವ ಸಂಗತಿಯನ್ನೇ ಬರೆದುಕೊಟ್ಟರೆ ಓದು ಹಗುರಾಗುತ್ತದಲ್ಲ? ಕಮಲಾಪುರದ ಮಕ್ಕಳಿಗೆ ಗೊತ್ತಿರುವುದೇನು? ಹಂಪಿ! ದಿನಾ ಕಿವಿಯ ಮೇಲೆ ಬೀಳುವ ಗೈಡುಗಳ ಮಾತು, ಆಟೋದವರ ಮಾತು. ರೇಣುಕಮ್ಮ ಉತ್ಸಾಹದಿಂದ ಕಾರ್ಡುಗಳ ಮೇಲೆ ಆನೆಲಾಯ, ಕಲ್ಲಿನ ರಥ, ರಾಣಿಯ ಸ್ನಾನಗೃಹ ಎಲ್ಲವನ್ನೂ ತಂದರು. ಆಟೋದವರು ಹೇಳುವ ಧಾಟಿಯಲ್ಲೇ ಬರೆದರು. ಮಕ್ಕಳಿಗೆ ಖುಷಿಯೋ ಖುಷಿ.

ತುಳಸಿಯಂತೂ ಒಂದೇ ತಿಂಗಳಲ್ಲಿ ಗಡಗಡ ಓದತೊಡಗಿದಳು. ಬೆರಳು ಎಲ್ಲೂ ನಿಲ್ಲಲಿಲ್ಲ. ಎರಡನೆಯ ಮೆಟ್ಟಿಲು ಹತ್ತಿಸಿದರು, ನಿಲ್ಲಲಿಲ್ಲ. ಮೂರನೆಯದು ಹತ್ತಿಸಿದರು, ಆಗಲೂ ಇಲ್ಲ. ಟೀಚರ್ ಹಿಗ್ಗಿ ಹೀರೇಕಾಯಿಯಾದರು. ದಸರಾ ರಜೆಗೆ ಮುಂಚೆ ಹೊನ್ನೂರುಸ್ವಾಮಿಯನ್ನು ಕರೆಸಿ, ಅವರ ಮುಂದೆಯೇ ಆನೆಲಾಯದ ಕಾರ್ಡು ಓದಿಸಿದರು. ಅಪ್ಪನ ಕಣ್ಣು ತುಂಬಿಬಂತು. ಆಟೋದ ತುಂಬ ಪ್ರವಾಸಿಗರನ್ನು ಕೂರಿಸಿಕೊಂಡು ಮೂರು ಭಾಷೆಯಲ್ಲಿ ಹಂಪಿ ತೋರಿಸುವ ಆ ಮನುಷ್ಯನಿಗೆ ಓದಲು ಬರುವುದಿಲ್ಲ. ಗೈಡುಗಳ ಬೆನ್ನಿಗೆ ನಿಂತು ಕೇಳಿ ಕೇಳಿ ಕಲಿತ ಮಾತು ಅವರದು.

ನವೆಂಬರಿನ ಒಂದು ಬೆಳಿಗ್ಗೆ ಬಣ್ಣ ಬಯಲಾಯಿತು. ಯಲ್ಲೇಶನಿಗೆ ಆನೆಲಾಯದ ಕಾರ್ಡು ಭಾರವಾಗುತ್ತಿತ್ತು. ಹಾಗಾಗಿ ರೇಣುಕಮ್ಮ ಅದನ್ನೇ ಮೊಟಕು ಮಾಡಿ, ಕೊನೆಯ ಎರಡು ಸಾಲು ಕೈಬಿಟ್ಟು ಇನ್ನೊಂದು ಕಾರ್ಡು ಬರೆದಿದ್ದರು. ಆ ದಿನ ಕೈತಪ್ಪಿ ಅದು ತುಳಸಿಗೆ ಹೋಯಿತು. ಅವಳು ಎಂದಿನಂತೆ ಗಡಗಡ ಓದಿದಳು. "ಇದು ಆನೆಲಾಯ. ಹನ್ನೊಂದು ಕೋಣೆ ಇವೆ. ಮೇಲೆ ಗುಮ್ಮಟ ಇವೆ." ಕಾರ್ಡು ಅಲ್ಲಿಗೆ ಮುಗಿದಿತ್ತು. ಬೆರಳು ಕಾರ್ಡಿನ ಅಂಚಿಗೆ ಬಂದು ನಿಂತಿತ್ತು. ಬಾಯಿ ಮಾತ್ರ ಮುಂದುವರಿಯಿತು. "ಬಿಸಿಲು ಏರುವ ಮುಂಚೆ ಫೋಟೋ ತೆಗೆದುಕೊಳ್ಳಿ. ಎಲ್ಲರೂ ಒಟ್ಟಿಗೆ ನಿಂತುಕೊಳ್ಳಿ."

"ನಾನು ಕಾರ್ಡು ಇಸ್ಕೊಂಡು ನೋಡಿದೆ," ಎನ್ನುತ್ತಾರೆ ರೇಣುಕಮ್ಮ. "ಬೆರಳು ಮುಗಿದಿತ್ತು, ಬಾಯಿ ಮುಗಿದಿರಲಿಲ್ಲ. ಆಕಿ ಓದತಿರಲಿಲ್ರಿ. ರಜೆ ದಿನ ಅಪ್ಪನ ಆಟೋದಾಗ ಮುಂದ ಕುಂತು ಕೇಳಿದ್ದನ್ನ ಹೇಳತಿದ್ಲು. ಆಕಿಗೂ ಅದು ಗೊತ್ತಿರಲಿಲ್ಲ. ಇದಕ್ಕ ಓದೋದು ಅಂತಾರ ಅಂತ ತಿಳಕೊಂಡಿದ್ಲು."

ಮಾರನೆಯ ದಿನ, ತುಳಸಿ ಎಲ್ಲೂ ಕೇಳಿರಲಾರದ ಸಾಲೊಂದನ್ನು ಕೊಟ್ಟು ನೋಡಿದರು. ಎಮ್ಮೆ ಬಸ್ಸು ಹತ್ತಿ ಕಿಟಕಿಯ ಸೀಟು ಕೇಳಿತು, ಅಷ್ಟೇ. ತುಳಸಿ ಕಾರ್ಡನ್ನು ನೋಡಿದಳು, ಟೀಚರನ್ನು ನೋಡಿದಳು, ಅತ್ತಳು. ಎರಡು ಮೆಟ್ಟಿಲು ಇಳಿಸದೆ ಬೇರೆ ದಾರಿ ಇರಲಿಲ್ಲ. ತಂಗಿಯ ವಯಸ್ಸಿನ ಮಕ್ಕಳ ಕಾರ್ಡು ಹಿಡಿದು ಕೂರುವುದು ಆರನೆಯ ತರಗತಿಯ ಹುಡುಗಿಗೆ ಸಣ್ಣ ಅವಮಾನವಲ್ಲ. ಆವತ್ತಿನಿಂದ ಅವಳು ಕಂಬದ ಹಿಂದೆ ಕೂರತೊಡಗಿದ್ದು.

ಅಂದಿನಿಂದ ಪ್ರತಿ ಬೆಳಿಗ್ಗೆ ತುಳಸಿಗೆಂದೇ ಒಂದು ಹೊಸ ಕಾರ್ಡು ಹುಟ್ಟುತ್ತದೆ. ಊಹಿಸಿ ಹೇಳಲು ಬಾರದಂಥ ಸಂಗತಿಯೇ ಆಗಬೇಕು. ಹುಂಜ ಚಪ್ಪಲಿ ಕೊಳ್ಳಲು ಹೋದದ್ದು, ಕತ್ತೆ ಕನ್ನಡಕ ಹಾಕಿದ್ದು. ಎರಡು ತಿಂಗಳಲ್ಲಿ ಅವಳು ಮೊದಲ ಮೆಟ್ಟಿಲು ದಾಟಿ ಎರಡನೆಯದಕ್ಕೆ ಕಾಲಿಟ್ಟಿದ್ದಾಳೆ. ಓದುತ್ತಾಳೆ, ನಿಜವಾಗಿ ಓದುತ್ತಾಳೆ. ಆದರೆ ತಡವರಿಸುತ್ತಾ, ಒಂದೊಂದು ಮಾತನ್ನೂ ಕಿತ್ತು ಕಿತ್ತು ಓದುತ್ತಾಳೆ. ಮನೆಯಲ್ಲಿ ಹಾಗೆ ತಡವರಿಸಿದ್ದು ಹೊನ್ನೂರುಸ್ವಾಮಿಯ ಕಿವಿಗೆ ಬಿದ್ದಿದೆ. ಗಾಳಿಯ ಹಾಗೆ ಓದುತ್ತಿದ್ದ ಮಗಳು ಈಗ ಉಗ್ಗುತ್ತಿದ್ದಾಳೆ!

ಸೋಮವಾರ ಗೇಟಿನ ಮುಂದೆ ನಡೆದದ್ದು ಅದರದೇ ಜಗಳ. "ದಸರಾಕ್ಕ ನನ್ನ ಮುಂದ ಗಡಗಡ ಓದಿದ ಹುಡುಗಿರೀ ಇದು. ಈಗ ಎರಡು ಸಾಲು ಓದಾಕ ಬೆವರ್ತಾಳ. ಸಾಲಿಗೆ ಬಂದು ಕಲೀತಾರ ಅಂತ ಕೇಳೀನಿ, ಸಾಲಿಗೆ ಬಂದು ಮರೀತಾರ ಅಂತ ಇವತ್ತ ನೋಡಿದೆ," ಎಂದು ಹೊನ್ನೂರುಸ್ವಾಮಿ ದನಿ ಏರಿಸಿದರು.

"ಆವಾಗ ಆಕಿ ಓದಿರಲಿಲ್ಲಣ್ಣ," ಎಂದರು ರೇಣುಕಮ್ಮ.

"ನನ್ನ ಕಿವಿಲೇ ಕೇಳೀನಿ!"

"ನೀವು ಆಟೋದಾಗ ಹೇಳ್ತೀರಲ್ಲ, ಅದು ಎಲ್ಲ್ಯಾರ ಬರೆದಿದ್ದನ್ನ ನೋಡಿ ಹೇಳ್ತೀರೇನು? ಆಕೀನೂ ಹಂಗ ಹೇಳಿದ್ಲು."

ಹೊನ್ನೂರುಸ್ವಾಮಿಗೆ ಅದು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು, ತಪ್ಪಾಗಿಯೂ ನಾಟಿತು. ನನಗೆ ಓದು ಬರಲ್ಲ ಅಂತ ನಾಲ್ಕು ಮಂದಿ ಮುಂದೆ ಆಡಿಕೊಳ್ಳುತ್ತಿದ್ದೀರಿ ಎಂದು ಮುಖ ಕೆಂಪು ಮಾಡಿಕೊಂಡರು. ಶುಕ್ರವಾರದ ಮಾತು ಬಂದದ್ದು ಆಗ. ಆಟೋ ಹೊರಟುಹೋಯಿತು. ರೇಣುಕಮ್ಮ ಗೇಟು ಹಿಡಿದು ನಿಂತೇ ಇದ್ದರು. "ಆ ಮಾತು ನಾ ಆಡಬಾರದಿತ್ರಿ," ಎಂದು ಈಗಲೂ ಹೇಳುತ್ತಾರೆ.

ಇವತ್ತು ಕಂಬದ ಹಿಂದೆ ಕೂತ ತುಳಸಿ ಕೊನೆಗೂ ಬಾಯಿ ಬಿಡುತ್ತಾಳೆ. ಓದುವುದಕ್ಕಲ್ಲ, ಕೇಳುವುದಕ್ಕೆ.

"ಟೀಚರ್, ಶುಕ್ರವಾರ ಆನಿಲಾಯದ್ದ ಕೊಡಿಸಿಬಿಡ್ರಿ. ಮಸ್ತ್ ಹೇಳ್ತೀನಿ. ಅಪ್ಪಗ ಹೆಂಗ ಗೊತ್ತಾಗತೈತಿ?"

ಹುಡುಗಿ ಹೇಳುವುದರಲ್ಲಿ ಸುಳ್ಳೇನಿಲ್ಲ. ಅಪ್ಪನಿಗೆ ಗೊತ್ತಾಗುವುದಿಲ್ಲ. ಸೋಮವಾರ ಅವಳು ಹೋಂಸ್ಟೇಗೆ ಹೋಗುವುದು ತಪ್ಪುತ್ತದೆ. ಶಾಲೆಯಲ್ಲಿ ಉಳಿದರೆ ನಿಧಾನವಾಗಿಯಾದರೂ ಓದು ಹತ್ತುತ್ತದೆ. ಒಂದು ಸುಳ್ಳಿನಿಂದ ಒಂದು ಹುಡುಗಿ ಉಳಿಯುವುದಾದರೆ ಹೇಳಿಬಿಡಬಾರದೇಕೆ? ದಿನವಿಡೀ ರೇಣುಕಮ್ಮ ಈ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗುತ್ತಾರೆ. ಮಧ್ಯಾಹ್ನದ ಬಿಸಿಯೂಟ ಬಡಿಸುವಾಗ ಒಬ್ಬ ಹುಡುಗನ ತಟ್ಟೆಗೆ ಸಾಂಬಾರಿನ ಮೇಲೆ ಸಾಂಬಾರು ಹಾಕುತ್ತಾರೆ.

ಗುರುವಾರ ಬೆಳಿಗ್ಗೆ ಅವರು ಭರಮಣ್ಣ ಸರ್‌ಗೆ ಫೋನು ಮಾಡುತ್ತಾರೆ. ಕೇಳುವುದು ಆನೆಲಾಯವನ್ನಲ್ಲ. "ತುಳಸಿಗೆ ಆರನೇ ಕ್ಲಾಸಿಂದು ಬ್ಯಾಡ್ರಿ ಸರ್. ಮೂರನೇ ಕ್ಲಾಸಿನ ಮಟ್ಟದ್ದು ಕೊಡ್ರಿ. ಆದ್ರ ಆಕಿ ಎಲ್ಲೂ ಕೇಳಿರಬಾರದು, ನಾನೂ ನೋಡಿರಬಾರದು."

ಭರಮಣ್ಣ ಕ್ಲಸ್ಟರಿನ ಶಾಲೆಗಳನ್ನು ಸುತ್ತುವ ಸಂಪನ್ಮೂಲ ವ್ಯಕ್ತಿ. ಮಗು ತನ್ನ ತರಗತಿಯ ಒಂದು ಪ್ಯಾರಾವನ್ನು ಒಂದು ನಿಮಿಷದಲ್ಲಿ ಓದಬೇಕು ಎಂಬುದು ಅವರಿಗೆ ಕೊಟ್ಟಿರುವ ಗುರಿ. ಮನುಷ್ಯ ಒಳ್ಳೆಯವರು, ಗುರಿ ಅವರ ಕೈಯಲ್ಲಿಲ್ಲ. "ಕೊಡ್ತೀನಮ್ಮ. ಆದ್ರ ಯಾವ ಮಟ್ಟದ್ದು, ಎಷ್ಟು ಹೊತ್ತು ತಗೊಂಡ್ಲು, ಎರಡೂ ಬರೀತೀನಿ. ಇಲ್ಲದ್ದು ಬರೆಯಾಕ ಬರಂಗಿಲ್ಲ," ಎನ್ನುತ್ತಾರೆ. ರೇಣುಕಮ್ಮ ಒಪ್ಪುತ್ತಾರೆ. ಫೋನಿಟ್ಟ ಮೇಲೆ ಅವರ ಮುಖದಲ್ಲಿ ನೆಮ್ಮದಿಯೇನೂ ಕಾಣುವುದಿಲ್ಲ.

ಆ ಬೆಳಿಗ್ಗೆ ಅವರು ತುಳಸಿಯ ಗುರಿಯನ್ನೇ ಬದಲಿಸುತ್ತಾರೆ. ಬೆರಳು ಎಷ್ಟು ಸಲ ನಿಂತರೂ ಪರವಾಗಿಲ್ಲ. ನಿಂತಲ್ಲಿಂದ ಓಡಿಹೋಗಬಾರದು, ಊಹಿಸಬಾರದು. ಸಾಲಿನ ಶುರುವಿಗೆ ವಾಪಸ್ ಬಂದು ಮತ್ತೆ ಹೊರಡಬೇಕು. "ಕೆನಾಲ್ ದಾಟಾಕ ಜಿಗೀತಿ ಅಂತ ತಿಳ್ಕೊ. ನಿಂತಲ್ಲಿಂದ ಜಿಗಿಯಾಕ ಬರಂಗಿಲ್ಲ. ನಾಕ್ ಹೆಜ್ಜಿ ಹಿಂದಕ್ಕ ಬಂದು ಓಡಿಬಂದು ಜಿಗಿ." ತುಳಸಿ ಮೂಗು ಒರೆಸಿಕೊಂಡು ಕಾರ್ಡನ್ನು ಮಗುಚುತ್ತಾಳೆ. ಶಾಲೆಯ ಗಂಟೆ ಹೊಡೆಯುವ ತನಕ ಹಿಂದೆ ಬರುತ್ತಾಳೆ, ಮುಂದೆ ಹೋಗುತ್ತಾಳೆ.

ಶುಕ್ರವಾರ. ಭರಮಣ್ಣ ಸರ್ ಕುರ್ಚಿಯಲ್ಲಿ, ಎದುರಿನ ಚಾಪೆಯ ಮೇಲೆ ತುಳಸಿ. ಬಾಗಿಲ ಹತ್ತಿರದ ಬೆಂಚಿನಲ್ಲಿ ಹೊನ್ನೂರುಸ್ವಾಮಿ, ಖಾಕಿ ಅಂಗಿಯಲ್ಲೇ ಬಂದಿದ್ದಾರೆ. ಪ್ರವಾಸಿಗರನ್ನು ಬಿಟ್ಟು ಬಂದಿರುವುದರಿಂದ ಕಾಲು ಕುಣಿಸುತ್ತಾ ಕೂತಿದ್ದಾರೆ. ರೇಣುಕಮ್ಮ ಗೋಡೆಗೆ ಒರಗಿ ನಿಂತಿದ್ದಾರೆ. ಮಾತಾಡುವಂತಿಲ್ಲ, ತುಟಿ ಅಲ್ಲಾಡಿಸುವಂತೆಯೂ ಇಲ್ಲ. ಅವರ ಚೀಲದಲ್ಲಿ ಆನೆಲಾಯದ ಕಾರ್ಡು ಇದೆ. ಅದನ್ನು ಅವರೇ ಆಮೇಲೆ ಒಪ್ಪಿಕೊಂಡರು. "ನಾನೇನು ದೊಡ್ಡ ಮನಶಿ ಅಲ್ರಿ. ಹುಡುಗಿ ಬಾಯೇ ಬಿಡಲಿಲ್ಲಂದ್ರ ಸರ್ ಕಾಲಿಗೆ ಬಿದ್ದು ಅದನ್ನ ಓದಿಸೋದು ಅಂತ ಇಟ್ಕೊಂಡೇ ಬಂದಿದ್ದೆ."

ಭರಮಣ್ಣ ತಾವು ತಂದ ಹಾಳೆಯನ್ನು ಹುಡುಗಿಯ ಮುಂದಿಡುತ್ತಾರೆ. ಕೈಗಡಿಯಾರ ನೋಡಿಕೊಳ್ಳುತ್ತಾರೆ.

"ಒಂದು... ಊರಿನಲ್ಲಿ... ಒಬ್ಬ ಅಜ್ಜ... ಇದ್ದ." ಬೆರಳು ಮೆಲ್ಲಗೆ ಸರಿಯುತ್ತಿದೆ. "ಅಜ್ಜ... ಸಂತೆಗೆ... ಹೋದ. ಸಂತೆಯಲ್ಲಿ ಹೊಸ... ಕೊಡೆ... ಕೊಂ... ಕೊಂಡ."

ಹೊನ್ನೂರುಸ್ವಾಮಿ ಕಾಲು ಕುಣಿಸುವುದನ್ನು ನಿಲ್ಲಿಸುತ್ತಾರೆ. ಅವರ ಮುಖದಲ್ಲಿ ಬೇಸರ ಬಂದು ಕೂತಿದೆ.

"ದಾರಿಯಲ್ಲಿ... ಮಳೆ... ಬಂತು. ಅಜ್ಜ ಕೊಡೆಯನ್ನು... ಅಂಗಿಯ ಒಳಗೆ..." ಬೆರಳು ನಿಲ್ಲುತ್ತದೆ.

ಮುಂದಿನ ಮಾತು 'ಬಚ್ಚಿಟ್ಟುಕೊಂಡ'. ಒತ್ತಿನ ಮೇಲೆ ಒತ್ತು. ತುಳಸಿಯ ತುಟಿ ಅಲುಗುತ್ತದೆ, ದನಿ ಬರುವುದಿಲ್ಲ. ಭರಮಣ್ಣನ ಕಣ್ಣು ಗಡಿಯಾರದ ಮೇಲಿದೆ. ನಿಮಿಷ ಮುಗಿದು ಎಷ್ಟೋ ಹೊತ್ತಾಗಿದೆ. ಹೊರಗೆ ಯಾರೋ ಆಟೋದ ಹಾರನ್ ಒತ್ತುತ್ತಾರೆ. ಹೊನ್ನೂರುಸ್ವಾಮಿ ಬೆಂಚಿನಿಂದ ಅರ್ಧ ಏಳುತ್ತಾರೆ. ರೇಣುಕಮ್ಮನ ಕೈ ಚೀಲದೊಳಗೆ ಹೋಗುತ್ತದೆ.

ತುಳಸಿಯ ಬೆರಳು ಹಿಂದಕ್ಕೆ ಬರುತ್ತದೆ. ಸಾಲಿನ ಶುರುವಿಗೆ.

"ಅಜ್ಜ ಕೊಡೆಯನ್ನು ಅಂಗಿಯ ಒಳಗೆ ಬಚ್... ಬಚ್ಚಿ... ಬಚ್ಚಿಟ್ಟು... ಕೊಂಡ." ಉಸಿರು ಎಳೆದುಕೊಂಡು ಮುಂದೆ ಹೋಗುತ್ತಾಳೆ. "ಹೊಸ ಕೊಡೆ... ನೆನೆದು... ಹೋದೀತು... ಎಂದು... ತಾನು ನೆ..."

ಅಲ್ಲಿಗೆ ಓದು ನಿಲ್ಲುತ್ತದೆ. ಈ ಸಲ ತೊಡಕಿನಿಂದಲ್ಲ. ತುಳಸಿ ನಗುತ್ತಿದ್ದಾಳೆ. ಮೊದಲು ಕಿಸಕ್ಕೆಂದು, ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು. ಸಾಲಿನ್ನೂ ಮುಗಿದಿಲ್ಲ, ಅಜ್ಜನ ಪೆದ್ದತನ ಅವಳಿಗೆ ಆಗಲೇ ಗೊತ್ತಾಗಿಬಿಟ್ಟಿದೆ. ಭರಮಣ್ಣ ಗಡಿಯಾರ ಬಿಟ್ಟು ಅವಳನ್ನು ನೋಡುತ್ತಾರೆ.

"ಯಾಕಲೇ, ಯಾಕ ನಗ್ತಿ?" ಹೊನ್ನೂರುಸ್ವಾಮಿ ಗದರುತ್ತಾರೆ.

"ಅಪ್ಪಾ, ಆ ಮುದುಕ ಹೊಸಾ ಕೊಡಿ ತೊಯ್ತೈತಿ ಅಂತ ಅಂಗಿಯಾಗ ಇಟ್ಕೊಂಡು ತಾನ ತೊಯ್ಸ್ಕೊಂಡನಪ್ಪಾ!"

"ಯಾವ ಮುದುಕ? ಇದನ್ನ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ." ತುಳಸಿ ಹಾಳೆಯ ಮೇಲೆ ಬೆರಳಿಡುತ್ತಾಳೆ. "ಇಲ್ಲೇ ಐತಲ್ಲಪ್ಪಾ."

ಹೊನ್ನೂರುಸ್ವಾಮಿ ಬೆಂಚು ಬಿಟ್ಟು ಬಂದು ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡುತ್ತಾರೆ. ಯಾರೂ ಹೇಳದ ಮಾತೊಂದು ಮಗಳಿಗೆ ಆ ಹಾಳೆಯಿಂದ ಕೇಳಿಸಿದೆ. ಕಿವಿಯಿಂದಲೇ ಬದುಕು ಕಟ್ಟಿಕೊಂಡ ಮನುಷ್ಯನಿಗೆ ಅದರ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. "ಇನ್ನೊಮ್ಮೆ ಓದು," ಎನ್ನುತ್ತಾರೆ. ತುಳಸಿ ಇನ್ನೊಮ್ಮೆ ಓದುತ್ತಾಳೆ, ಅಷ್ಟೇ ನಿಧಾನವಾಗಿ. ಅಜ್ಜ ಅಂಗಿಯೊಳಗೆ ಕೊಡೆ ಇಟ್ಟುಕೊಳ್ಳುವಲ್ಲಿಗೆ ಅಪ್ಪನೂ ನಗುತ್ತಾರೆ.

ಭರಮಣ್ಣ ಬರೆಯಬೇಕಾದ್ದನ್ನು ಬರೆಯುತ್ತಾರೆ. ಮಟ್ಟ ಮೂರನೆಯ ತರಗತಿಯದು, ವೇಗ ಸಾಲದು, ಅರ್ಥ ಪೂರ್ತಿ ಆಗಿದೆ. ತುಳಸಿ ಗುರಿ ಮುಟ್ಟಿದವರ ಸಾಲಿಗೆ ಸೇರುವುದಿಲ್ಲ. ಅದನ್ನು ಅವರು ಅಪ್ಪನಿಗೆ ಬಿಡಿಸಿಯೇ ಹೇಳುತ್ತಾರೆ. ಹೊನ್ನೂರುಸ್ವಾಮಿ ತಲೆಯಾಡಿಸುತ್ತಾರೆ. ಬಾಗಿಲು ದಾಟುವಾಗ ರೇಣುಕಮ್ಮನ ಮುಂದೆ ನಿಂತು, ಅವರ ಮುಖ ನೋಡದೆ ಹೇಳುತ್ತಾರೆ: "ಸೋಮವಾರ ಸಾಲಿಗೇ ಬರ್ತಾಳಕ್ಕ. ಹೋಂಸ್ಟೇದವ್ರಿಗೆ ನಾನ ಹೇಳ್ತೀನಿ. ಬ್ಯಾಸಿಗಿ ರಜಾ ಬರೋದ್ರೊಳಗ ಜಲ್ದಿ ಓದಂಗ ಮಾಡ್ರಿ."

"ಜಲ್ದಿ ಅಂತ ಮಾತು ಕೊಡಂಗಿಲ್ಲಣ್ಣ. ಓದ್ತಾಳ ಅಂತ ಕೊಡ್ತೀನಿ."

ಅವರು ಹೋದ ಮೇಲೆ ರೇಣುಕಮ್ಮ ಪಡಸಾಲೆಯ ಕಟ್ಟೆಯ ಮೇಲೆ ಕೂರುತ್ತಾರೆ. ಒಂದು ಲೋಟ ನೀರು ಕುಡಿದು, ಮೂರು ದಿನದಿಂದ ಬೆನ್ನು ಹತ್ತಿರುವ ಪತ್ರಿಕೆಯವನ ಕಡೆ ಮೊದಲ ಸಲ ನೆಟ್ಟಗೆ ನೋಡುತ್ತಾರೆ. ತಮಗೊಂದು ಆಸೆ ಇದೆ ಎನ್ನುತ್ತಾರೆ. ಕಾಯಂ ನೌಕರಿಯ ಮಾತೇ ಇರಬೇಕು ಎಂದುಕೊಂಡು ಅವನು ಪೆನ್ನು ತೆಗೆಯುತ್ತಾನೆ.

"ನನ್ನ ಬಗ್ಗೆ ಬರೀತೀರಲ್ರಿ, ನನ್ನ ಹೊಗಳೋದು ಬ್ಯಾಡ. ಸಣ್ಣ ಸಣ್ಣ ಸಾಲು ಮಾಡಿ ಬರೀರಿ. ಪೇಪರ್ ಬಂದ ದಿನ ಅದನ್ನ ತುಳಸಿ ಕೈಯಾಗ ಕೊಡ್ತೀನಿ. ಆಕಿಗೆ ಹೊತ್ತು ಹಿಡೀತೈತಿ. ಹಿಡೀಲಿ. ಕಡೀತನಕ ಓದ್ತಾಳ."